ಅಪ್ಪನ ಮೆಟಡೋರ್ ಮತ್ತು ನಾನು ಹೇಳಿದ ಸುಳ್ಳು

ಕ್ಯಾಂಪಸ್ ಸಂದರ್ಶನದಲ್ಲಿ ‘ತಂದೆ ಏನು ಮಾಡ್ತಾರೆ?’ ಅಂತ ಕೇಳಿದಾಗ ‘ಟ್ರಾನ್ಸ್‌ಪೋರ್ಟ್ ಬಿಸಿನೆಸ್’ ಅಂದುಬಿಟ್ಟೆ. ಅಸಲಿಗೆ ಇದ್ದದ್ದು ಒಂದೇ ಒಂದು ಹಳೇ ಮೆಟಡೋರ್. ದಿನವೂ ಟೊಮೆಟೊ ಕ್ರೇಟು, ಲಗ್ನದ ದಿನಗಳಲ್ಲಿ ದಿಬ್ಬಣ. ಕೆಲಸವೇನೋ ಸಿಗಲಿಲ್ಲ, ಆ ಮಾತು ಮಾತ್ರ ಮುಳ್ಳಿನಂತೆ ಉಳಿಯಿತು.

ಆಮೇಲೆ ಆ ಗಾಡಿಯ ಜಾತಕ ಹುಡುಕಿದೆ. ನಾವು ಸರಕಿನ ಸಣ್ಣ ಗಾಡಿಗಳಿಗೆಲ್ಲ ‘ಟೆಂಪೊ’ ಅನ್ನುತ್ತೇವಲ್ಲ, ಅದು ಜರ್ಮನಿಯ ಹ್ಯಾಂಬರ್ಗ್‌ನ ಕಂಪನಿಯೊಂದರ ಬ್ರ್ಯಾಂಡ್ ಹೆಸರು. ಆ ಕಂಪನಿ 1949ರಲ್ಲಿ ಮೆಟಡೋರ್ ವ್ಯಾನ್ ಹೊರತಂದಾಗ ಎಂಜಿನ್ ಫೋಕ್ಸ್‌ವ್ಯಾಗನ್‌ನದು. ಮರುವರ್ಷವೇ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ಇಳಿಸಿತು. ಕೆಲಕಾಲದಲ್ಲೇ ಎಂಜಿನ್ ಕೊಡುವುದನ್ನೂ ನಿಲ್ಲಿಸಿತು. ಟೆಂಪೊ ಬಾಗಿಲು ಹಾಕಲಿಲ್ಲ. ಬೇರೆ ಎಂಜಿನ್‌ಗಾಗಿ ಅಲೆದು ಬ್ರಿಟನ್ನಿನ ಆಸ್ಟಿನ್ ಕಂಪನಿಯವರೆಗೂ ಹೋಯಿತು.

ನಮ್ಮಲ್ಲಿ ಬಜಾಜ್ ಟೆಂಪೊ ಹುಟ್ಟಿದ್ದು 1958ರಲ್ಲಿ. ಮೊದಲು ಮೂರು ಚಕ್ರದ ಹ್ಯಾನ್ಸಿಯಾಟ್, 60ರ ದಶಕದ ಕೊನೆಗೆ ಮೆಟಡೋರ್. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ ಟೆಂಪೊ ಟೆಂಪೊವೇ.

ಈ ಗಾಡಿಯ ಗುಟ್ಟು ಮುಂದಿನ ಚಕ್ರಗಳಲ್ಲಿದೆ. ಎಂಜಿನ್ ಎಳೆಯುವುದು ಅವುಗಳಿಂದಲೇ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಇಲ್ಲದ್ದರಿಂದ ಸರಕು ಇಡುವ ಜಾಗ ನೆಲಕ್ಕೆ ಹತ್ತಿರ. ಅಪ್ಪ ಒಬ್ಬರೇ ಕ್ರೇಟು ಏರಿಸಿಕೊಳ್ಳುತ್ತಿದ್ದುದು, ದಿಬ್ಬಣದ ಅಜ್ಜಿಯರು ಯಾರ ಕೈಯೂ ಹಿಡಿಯದೆ ಹತ್ತುತ್ತಿದ್ದುದು ಹೇಗೆಂದು ನನಗೆ ಈಗ ಅರ್ಥವಾಯಿತು. ಹಿಂದೆ ಭಾರ ಜಾಸ್ತಿಯಾದರೆ ಏರಿನಲ್ಲಿ ಮುಂದಿನ ಚಕ್ರ ಜಾರುವುದೂ ಅದೇ ಕಾರಣಕ್ಕೆ. ಮಳೆಗಾಲದಲ್ಲಿ ಶಾಲೆಯ ಸಮವಸ್ತ್ರದಲ್ಲೇ ತಳ್ಳಿದ್ದೇನೆ, ಬೈದುಕೊಂಡು.

ನನ್ನ ತಕರಾರು ಇಷ್ಟೆ. ವಾಹನದ ಇತಿಹಾಸ ಅಂದರೆ ನಮಗೆ 1983ರ ಮಾರುತಿ 800. ಮನೆಮಂದಿ ಕೂತ ಕಾರಿನ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಸಂತೆಗೆ ತರಕಾರಿ ಹೊತ್ತ ಗಾಡಿಯ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಓಡಿಸಿದವರ ಪಾಡೂ ಅದೇ. ಬ್ಯಾಂಕ್ ಸಾಲ, ಡೀಸೆಲ್ ಲೆಕ್ಕ, ರಿಪೇರಿ, ಗಿರಾಕಿಯ ಜೊತೆ ಚೌಕಾಸಿ, ಎಲ್ಲವನ್ನೂ ಅಪ್ಪ ಒಬ್ಬರೇ ನಿಭಾಯಿಸಿದರು. ಇದನ್ನೇ ಕಾಲೇಜಿನ ಸೆಮಿನಾರಿನಲ್ಲಿ ‘ಉದ್ಯಮಶೀಲತೆ’ ಅನ್ನುತ್ತಾರೆ, ಟೈ ಕಟ್ಟಿದ್ದರೆ. ಲುಂಗಿ ಉಟ್ಟಿದ್ದರೆ ಅದು ‘ಟೆಂಪೊ ಡ್ರೈವರ್’. ಕಾಲೇಜಷ್ಟೇ ಅಲ್ಲ, ಹಾಗೆ ಅಂದುಕೊಂಡವರಲ್ಲಿ ನಾನೇ ಮೊದಲಿಗ.

ಮುಂದಿನ ವಾರ ಇನ್ನೊಂದು ಸಂದರ್ಶನವಿದೆ. ಅದೇ ಪ್ರಶ್ನೆ ಬಂದರೆ ಮೆಟಡೋರ್ ಅಂತಲೇ ಹೇಳುತ್ತೇನೆ. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ಅದಿರಲಿ, ಬಸ್ಸಿಗೆ ದುಡ್ಡಿದೆಯಾ?’ ಅಂದರು.