ರೈತನಿಗೆ ಹೆಣ್ಣು ಸಿಗದ ಕಾಲ: ಪಹಣಿಯಲ್ಲಿ ಅವಳ ಹೆಸರೆಲ್ಲಿ?

ಕಮಲನಗರ: ಹೊಲವಿದೆ, ಮನೆಯಿದೆ, ದುಡಿಯುವ ಛಲವಿದೆ, ಆದರೆ ಹೆಣ್ಣು ಕೊಡುವವರಿಲ್ಲ. ಕೃಷಿಯನ್ನೇ ನಂಬಿದ ಯುವಕರ ಈ ಅಳಲು ಈಗ ಊರಕಟ್ಟೆಯ ಮಾತಾಗಿ ಉಳಿದಿಲ್ಲ. 2022ರ ಡಿಸೆಂಬರ್‌ನಲ್ಲಿ ನೆರೆಯ ಸೊಲ್ಲಾಪುರದ ಅವಿವಾಹಿತ ಯುವಕರು ಮದುಮಗನ ವೇಷ ತೊಟ್ಟು, ಕುದುರೆಯೇರಿ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತು. ಅದೇ ವರ್ಷ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಎಚ್.ಡಿ.ಕುಮಾರಸ್ವಾಮಿ ಅವರು ರೈತರ ಮಕ್ಕಳನ್ನು ವರಿಸುವ ಯುವತಿಯರಿಗೆ 2 ಲಕ್ಷ ರೂಪಾಯಿ ನೀಡುವ ಭರವಸೆ ಇತ್ತರು.

ಈ ಮೂರೂ ಪ್ರಸಂಗಗಳಲ್ಲಿ ಕೇಳಿಬಂದದ್ದು ಗಂಡಿನ ದನಿ. ಹೆಣ್ಣು ಏಕೆ ಒಲ್ಲೆ ಎನ್ನುತ್ತಿದ್ದಾಳೆ ಎಂಬುದನ್ನು ಕೇಳುವ ವ್ಯವಧಾನ ಯಾರಿಗೂ ಇದ್ದಂತಿಲ್ಲ.

ಕೊರತೆ ಸಂಖ್ಯೆಯದು ಮಾತ್ರವೇ?

ಹೆಣ್ಣುಮಕ್ಕಳ ಸಂಖ್ಯೆ ಕುಸಿದಿರುವುದು ನಿಜ. ರಾಜ್ಯದಲ್ಲಿ ಆರು ವರ್ಷದೊಳಗಿನ ಪ್ರತಿ 1,000 ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಈ ಸಂಖ್ಯೆ 946ಕ್ಕೆ ಇಳಿಯಿತು. ಅಂದಿನ ಆ ಮಕ್ಕಳೇ ಇಂದು ಮದುವೆಯ ವಯಸ್ಸಿನವರು. ಭ್ರೂಣಹತ್ಯೆಯ ಪಾಪಕ್ಕೆ ಸಮಾಜ ಈಗ ಬೆಲೆ ತೆರುತ್ತಿದೆ ಎನ್ನುವುದರಲ್ಲಿ ಸತ್ಯಾಂಶವಿದೆ. ಆದರೆ ಕೊರತೆಯ ಹೊರೆ ನೌಕರನ ಮೇಲೆ ಬೀಳದೆ ರೈತನ ಮೇಲೆಯೇ ಏಕೆ ಬೀಳುತ್ತಿದೆ? ಇದಕ್ಕೆ ಅಂಕಿಸಂಖ್ಯೆಗಳಲ್ಲಿ ಉತ್ತರವಿಲ್ಲ.

ಔರಾದ್‌ನಿಂದ ಬೇರ್ಪಟ್ಟು 2018ರಲ್ಲಿ ಹೊಸ ತಾಲ್ಲೂಕಾದ ಕಮಲನಗರ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿದೆ. ಭಾಷೆ ಎರಡಾದರೂ ರೋಟಿ-ಬೇಟಿ ವ್ಯವಹಾರಕ್ಕೆ ಇಲ್ಲಿ ಗಡಿಯಿಲ್ಲ. ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವ ಈ ಭಾಗದ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದೆ. ಇಂತಹ ಊರುಗಳಲ್ಲಿ ಓದಿದ ಹೆಣ್ಣಿನ ಮುಂದೆ ಸಾಮಾನ್ಯವಾಗಿ ಮೂರು ಬಗೆಯ ವರಗಳು ಬರುತ್ತಾರೆ: ಸರ್ಕಾರಿ ನೌಕರ, ಹೈದರಾಬಾದ್ ಅಥವಾ ಪುಣೆಯ ಕಂಪನಿಯ ಉದ್ಯೋಗಿ ಮತ್ತು ರೈತ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ದೊರೆತ ಬಳಿಕ ಮೊದಲನೆಯವನ ಬೆಲೆ ಮತ್ತಷ್ಟು ಏರಿತು. ರೈತ ಸಾಲಿನ ಕೊನೆಗೆ ಸರಿದ.

ದುಡಿಮೆ ಅವಳದು, ಹೆಸರು ಅವನದು

ಇದನ್ನು ಹೆಣ್ಣಿನ ದುರಾಸೆ ಎಂದು ಜರೆಯುವುದು ಸುಲಭ. ಆದರೆ ಅವಳ ಲೆಕ್ಕ ಬೇರೆಯೇ ಇದೆ. ಬಿತ್ತನೆ, ಕಳೆ, ಕೊಯ್ಲುಗಳಲ್ಲಿ ತಾಯಿಯ ಬೆನ್ನು ಬಾಗಿದ್ದನ್ನು ಅವಳು ಬಾಲ್ಯದಿಂದಲೇ ಕಂಡಿದ್ದಾಳೆ. ಪಹಣಿಯಲ್ಲಿ ಆ ತಾಯಿಯ ಹೆಸರನ್ನು ಮಾತ್ರ ಕಂಡಿಲ್ಲ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 14 ಮಾತ್ರ. ಬೆಳೆಸಾಲವಾಗಲಿ, ಕಿಸಾನ್ ಸಮ್ಮಾನ್ ನಿಧಿಯ ವಾರ್ಷಿಕ 6,000 ರೂಪಾಯಿಯಾಗಲಿ ಹುಡುಕಿಕೊಂಡು ಬರುವುದು ದಾಖಲೆಯಲ್ಲಿರುವ ಹೆಸರನ್ನೇ.

ಕಾನೂನು ಹಿಂದೆ ಬಿದ್ದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಕುಟುಂಬದ ಮಗಳಿಗೂ ಹುಟ್ಟಿನಿಂದ ಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರಲ್ಲಿ ಕೇಂದ್ರವೂ ಅದೇ ಹಾದಿ ಹಿಡಿಯಿತು. 2005ರ ತಿದ್ದುಪಡಿಯ ವೇಳೆ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಅಬಾಧಿತವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ತವರಿನ ಬಾಂಧವ್ಯ ಉಳಿಸಿಕೊಳ್ಳಲು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಕಡಿಮೆಯಿಲ್ಲ. ಇತ್ತ ಗಂಡ ಬದುಕಿರುವವರೆಗೆ ಅತ್ತೆಮನೆಯ ಪಹಣಿಯಲ್ಲಿ ಸೊಸೆಯ ಹೆಸರು ಸೇರುವುದು ಅಪರೂಪ. ಎರಡು ಮನೆಗಳ ನಡುವೆ ಅವಳು ಎಲ್ಲಿಯೂ ಒಡತಿಯಲ್ಲ.

ಬೀದರ ಜಿಲ್ಲೆಯ ಹೆಣ್ಣುಮಕ್ಕಳಿಗೆ ಹಣಕಾಸಿನ ವ್ಯವಹಾರ ಹೊಸದೇನಲ್ಲ. ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ಇಲ್ಲಿನ ಡಿಸಿಸಿ ಬ್ಯಾಂಕ್ ಮುಂಚೂಣಿಯಲ್ಲಿದ್ದುದು ಸರ್ವವಿದಿತ. ಸಾಲ ತಂದು, ತೀರಿಸಿ, ಲೆಕ್ಕ ಇಟ್ಟ ತಾಯಂದಿರ ಮಕ್ಕಳು ಬದುಕಿನ ಲೆಕ್ಕವನ್ನೂ ಕೇಳುತ್ತಾರೆ. ಅದು ಸಹಜ.

ಒಲವಿನ ಹಕ್ಕು

ಇನ್ನು ಪ್ರೀತಿಯ ಮಾತು. ವಯಸ್ಕರಿಬ್ಬರು ಪರಸ್ಪರ ಒಪ್ಪಿದ ಮೇಲೆ ಮನೆತನದ ಅಥವಾ ಪಂಚಾಯಿತಿಯ ಅಪ್ಪಣೆ ಅಗತ್ಯವಿಲ್ಲವೆಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಗಾಗಿ ಹನ್ನೆರಡನೆಯ ಶತಮಾನದ ಕಲ್ಯಾಣ ಹೊತ್ತಿ ಉರಿಯಿತೆಂಬ ಕಥನವನ್ನು ಕೇಳಿ ಬೆಳೆದ ಜಿಲ್ಲೆಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಹಾಗಿದ್ದೂ ಆಯ್ಕೆಯ ವಯಸ್ಸು ಬರುವ ಮೊದಲೇ ತಾಳಿ ಬೀಳುವುದು ನಿಂತಿಲ್ಲ. ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ವಧುಗಳ ಅಭಾವ ಹೆಚ್ಚಿದಂತೆ ಈ ಅವಸರವೂ ಹೆಚ್ಚುವ ಅಪಾಯವಿದೆ.

ಪ್ರೋತ್ಸಾಹಧನದ ಆಮಿಷದಿಂದ ಒಲವು ಹುಟ್ಟದು. ಒಂದು ಬಾರಿ ಕೊಡುವ 2 ಲಕ್ಷ ಸಂಸಾರಕ್ಕೂ ಸಾಲದು, ಸ್ವಾಭಿಮಾನಕ್ಕೂ ಒಗ್ಗದು. ಅದರ ಬದಲು ಗಂಡಹೆಂಡಿರ ಜಂಟಿ ಹೆಸರಿಗೆ ಖಾತೆ ಮಾಡಿಕೊಡುವ ಕುಟುಂಬಗಳಿಗೆ ಸರ್ಕಾರ ಸಾಲ ಮತ್ತು ಸಹಾಯಧನದಲ್ಲಿ ಆದ್ಯತೆ ನೀಡಲಿ. ಮಳೆ ಮತ್ತು ಮಾರುಕಟ್ಟೆಯ ಅನಿಶ್ಚಿತತೆ ಇದರಿಂದ ನೀಗದು, ನಿಜ. ಆದರೆ ಕಷ್ಟದಲ್ಲಿ ಪಾಲು ಕೇಳುವವನು ಹಕ್ಕಿನಲ್ಲಿಯೂ ಪಾಲು ಕೊಡಬೇಕಲ್ಲವೇ? ಹೆಣ್ಣು ಸಿಗುತ್ತಿಲ್ಲವೆಂದು ಬೆಟ್ಟ ಹತ್ತುವ ಯುವಕರು ಮೊದಲು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತುವುದು ಒಳಿತು.