ಗೋಡೆಯ ಆಚೆಯ ಸದ್ದು

ಎಂಟನೆಯ ತರಗತಿಯಲ್ಲಿ ಶಬ್ದದ ಪಾಠ ನಡೆದಿತ್ತು. ಶಬ್ದವು ಗಾಳಿಗಿಂತ ಘನವಸ್ತುವಿನಲ್ಲಿ ವೇಗವಾಗಿ ಸಾಗುತ್ತದೆ ಎಂದು ತೋರಿಸಲು, ಬೆಂಚಿಗೆ ಕಿವಿ ಹಚ್ಚಿ ಕೇಳಿರೆಂದು ಮಕ್ಕಳಿಗೆ ಹೇಳಿದೆ. ಕಿವಿ ಹಚ್ಚಿದ ಒಬ್ಬ ಹುಡುಗ ಹಾಗೆಯೇ ನಿದ್ದೆ ಹೋದ. ಸಿಟ್ಟಿನಿಂದ ಎಬ್ಬಿಸಿ ನಿಲ್ಲಿಸಿದೆ.

"ರಾತ್ರಿಯೆಲ್ಲ ಅವ್ವನ ಬಾಜೂಕ ಕುಂತಿದ್ದೆನ್ರಿ ಸರ. ನಾ ಮಲಗಿದ್ರ ಅಪ್ಪ ಮತ್ತ ಹೊಡಿತಾನ್ರಿ" ಎಂದ.

"ಮನಿ ಮಾತು ಶಾಲ್ಯಾಗ ಹೇಳಬಾರದಪ್ಪ, ಹಿರಿಯರು ನೋಡ್ಕೊಂತಾರ" ಎಂದು ಕೂಡಿಸಿದೆ.

ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ತಾಯಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳೆಂದು ಆಮೇಲೆ ತಿಳಿಯಿತು. ಆ ಹುಡುಗ ನನ್ನಲ್ಲಿ ಸಹಾಯ ಕೇಳಿದ್ದ. ನಾನು ಅವನಿಗೆ ಬಾಯಿ ಮುಚ್ಚಿಕೊಂಡಿರಲು ಕಲಿಸಿದ್ದೆ.

ಪಾಲಕರೇ, ಸೇಡಂ ಇರಲಿ, ವಾಡಿ, ಶಹಾಬಾದ ಇರಲಿ, ನಮ್ಮ ಓಣಿಗಳಲ್ಲಿ ಮನೆಗೆ ಮನೆ ಹತ್ತಿಕೊಂಡಿರುತ್ತದೆ. ಪಕ್ಕದ ಮನೆಯ ಅಳು ನಮಗೆ ಕೇಳಿಸದೆ ಇರುವುದಿಲ್ಲ. ಆದರೂ 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ಸುಮ್ಮನಾಗುತ್ತೇವೆ. ಗಾದೆ ಹೇಳಿದ್ದು ಜಗಳದ ಮಾತು, ಹೊಡೆತದ ಮಾತಲ್ಲ. ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ. ಹೊಡೆತದಲ್ಲಿ ಒಬ್ಬರು ಹೆದರಿ ಬದುಕುತ್ತಾರೆ.

'ಗಂಡ ಜೈಲಿಗೆ ಹೋದರೆ ಮಕ್ಕಳಿಗೆ ಅನ್ನ ಹಾಕುವವರು ಯಾರು?' ಎಂಬುದೇ ಅನೇಕ ತಾಯಂದಿರ ಅಂಜಿಕೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ ಮೊದಲ ಉದ್ದೇಶ ರಕ್ಷಣೆ. ಹಿಂಸೆ ನಿಲ್ಲಿಸು, ಆಕೆಯನ್ನು ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಹಣ ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಬೈಗುಳ, ಬೆದರಿಕೆ, ಹಣ ಕೊಡದೆ ಸತಾಯಿಸುವುದು ಇವೂ ಹಿಂಸೆಯೇ. ಹೆಂಡತಿಯಷ್ಟೇ ಅಲ್ಲ, ಮನೆಯಲ್ಲಿರುವ ತಾಯಿ, ಅಕ್ಕತಂಗಿಯರೂ ದೂರು ಕೊಡಬಹುದು.

ಹೋಗುವುದು ಎಲ್ಲಿಗೆ? ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ರಕ್ಷಣಾಧಿಕಾರಿ. ಕಚೇರಿ ಎಲ್ಲಿದೆ ಎಂದು ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆ ಹೇಳುತ್ತಾರೆ. ವಕೀಲರ ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ವಾಡಿಯಲ್ಲಿ ಗಂಡನ ಮನೆ, ಚಿಂಚೋಳಿಯಲ್ಲಿ ತವರು ಇದ್ದರೆ, ತವರಿನಲ್ಲಿದ್ದುಕೊಂಡು ಚಿಂಚೋಳಿಯ ಕೋರ್ಟಿನಲ್ಲಿಯೇ ಅರ್ಜಿ ಹಾಕಬಹುದು. ಕಲಬುರಗಿಯ 'ಸಖಿ' ಕೇಂದ್ರದಲ್ಲಿ ಚಿಕಿತ್ಸೆ, ಸಲಹೆ, ಕೆಲವು ದಿನದ ಆಸರೆ ದೊರೆಯುತ್ತದೆ. ಹಗಲು ರಾತ್ರಿ ಯಾವಾಗಲಾದರೂ ಮಹಿಳೆಯರು 181ಕ್ಕೆ ಫೋನ್ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 112.

ಪ್ರಯೋಗ ಮಾಡಿದಾಗ ಬರೆದಿಡುವಂತೆ ಇಲ್ಲಿಯೂ ಬರೆದಿಡುವುದು ಮುಖ್ಯ. ದಿನಾಂಕ, ವೇಳೆ, ಏನಾಯಿತು ಎಂಬುದನ್ನು ಗುರುತು ಹಾಕಿಡಿ. ಆಸ್ಪತ್ರೆಯಲ್ಲಿ 'ಜಾರಿ ಬಿದ್ದೆ' ಎನ್ನದೆ ಇದ್ದದ್ದನ್ನು ಹೇಳಿ, ಚೀಟಿ ಜೋಪಾನವಾಗಿಡಿ.

ನೆರೆಯವರಿಗೂ, ಶಿಕ್ಷಕರಿಗೂ ಒಂದು ಮಾತು. ಹಿಂಸೆ ನಡೆದಿದೆ ಎಂದು ತಿಳಿದ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಆದರೆ ಮೊದಲು ಆ ತಾಯಿಯನ್ನು ಒಬ್ಬಳೇ ಇದ್ದಾಗ ಕೇಳಿ. ಗಂಡನೆದುರು ಕೇಳಿದರೆ ರಾತ್ರಿ ಅವಳಿಗೇ ಹೊಡೆತ.

ವಿದ್ಯಾರ್ಥಿಗಳೇ, ದೊಡ್ಡವರ ನಡುವೆ ಹೋಗಿ ಬಿಡಿಸುವುದು ನಿಮ್ಮ ಕೆಲಸವಲ್ಲ. ಪಕ್ಕದ ಮನೆಗೆ ಓಡಿರಿ, 1098ಕ್ಕೆ ಫೋನ್ ಮಾಡಿರಿ, ನಂಬಿಕೆಯ ಶಿಕ್ಷಕರಿಗೆ ಹೇಳಿರಿ. ಮನೆಯಲ್ಲಿ ನಡೆಯುವುದಕ್ಕೆ ನೀವು ಕಾರಣರಲ್ಲ. ಅದನ್ನು ಹೇಳುವುದು ಚಾಡಿಯೂ ಅಲ್ಲ.

ಈಗ ಶಬ್ದದ ಪಾಠ ಬಂದಾಗಲೆಲ್ಲ ಬೋರ್ಡಿನ ಮೂಲೆಯಲ್ಲಿ 1098 ಎಂದು ಬರೆಯುತ್ತೇನೆ. ಪಾಠ ಮುಗಿದರೂ ಅದನ್ನು ಅಳಿಸುವುದಿಲ್ಲ.