ಹಗುರ ಕಾರು, ಭಾರದ ಲೆಕ್ಕ

ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದವರು. ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸಂಬಳ ಕೈಗೆ ಬರತೊಡಗಿ ಎರಡು ವರ್ಷವಾಗುವಷ್ಟರಲ್ಲಿ ಬ್ಯಾಂಕ್ ಸಾಲ ಮಾಡಿ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ನೆಲಕ್ಕೆ ತಗ್ಗಿದ ಮೈ. "ಅಪ್ಪಾ, ಸಿಗ್ನಲ್ ಬಿಟ್ಟರೆ ಸಾಕು, ಎಲ್ಲರನ್ನೂ ಹಿಂದೆ ಹಾಕುತ್ತೆ" ಎಂದ. ತಂದೆ ಕಾರನ್ನು ಒಂದು ಸುತ್ತು ಬಂದು ನೋಡಿ ಕೇಳಿದ್ದು ಒಂದೇ ಮಾತು: "ಓಡೋದು ಸರಿ ಕಣೋ, ನಿಲ್ಲೋದು ಹೇಗೆ?"

ಬೆಂಗಳೂರಿನ ಹೊರವಲಯದಲ್ಲಿ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ. ಆದರೆ ಆ ತಂದೆಯ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅದಕ್ಕೆ ಶಾಲೆಯ ಭೌತವಿಜ್ಞಾನವನ್ನು ಮತ್ತೆ ತೆರೆಯಬೇಕು.

ಪುಟ್ಟ ಕಾರು ಚುರುಕಾಗಿ ಓಡುವುದೇಕೆ? ಎಂಜಿನ್ ದೊಡ್ಡದೆಂದಲ್ಲ, ಮೈ ಹಗುರವೆಂದು. ಇದಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರೂಪಿಸಿತು. ಅದರಲ್ಲಿದ್ದದ್ದು ಫ್ರಾನ್ಸಿನ ರೆನೋ ಕಂಪನಿಯ 1.2 ಲೀಟರ್ ಎಂಜಿನ್. ಶಕ್ತಿ ಸುಮಾರು 60 ಅಶ್ವಸಾಮರ್ಥ್ಯ, ಅಂದರೆ ಸಾಧಾರಣ ಸಂಸಾರದ ಕಾರಿನಷ್ಟೇ. ಆದರೆ ಹೊರಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಬಲ ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುತ್ತದೆ. ಇದು ನ್ಯೂಟನ್ನನ ಎರಡನೆಯ ನಿಯಮ. 1200 ಕಿಲೋಗ್ರಾಂ ಕಾರನ್ನು ತಳ್ಳುವ ಬಲವೇ 800 ಕಿಲೋಗ್ರಾಂ ಕಾರನ್ನು ತಳ್ಳಿದರೆ ಅದು ಒಂದೂವರೆ ಪಟ್ಟು ಚುರುಕಾಗಿ ವೇಗ ಪಡೆಯುತ್ತದೆ.

ಸ್ವಾರಸ್ಯವೆಂದರೆ, ಇದೇ ಸ್ಯಾನ್ ಹೆಸರಿನ ಇನ್ನೊಂದು ಕಂಪನಿ ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲು ಎಂಜಿನ್‌ಗಳನ್ನು ತಯಾರಿಸುತ್ತಾ ಬಂದಿದೆ. ಕಾರ್ಖಾನೆಗಳ ಒಳಗೆ ವ್ಯಾಗನ್‌ಗಳನ್ನು ಎಳೆಯುವ ಎಂಜಿನ್ ಹಗುರವಾಗಿದ್ದರೆ ಕೆಲಸಕ್ಕೇ ಬಾರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರದೆ ಹಿಡಿಯಬೇಕಾದರೆ ಭಾರ ಬೇಕು. ಒಂದು ವಾಹನಕ್ಕೆ ಭಾರವೇ ಗುಣ, ಇನ್ನೊಂದಕ್ಕೆ ಹಗುರವೇ ಗುಣ!

ಇನ್ನು ತಂದೆಯ ಪ್ರಶ್ನೆಗೆ ಬನ್ನಿ. ಹಗುರ ಕಾರು ಬೇಗ ಓಡುವುದಾದರೆ, ಬೇಗ ನಿಲ್ಲಲೂ ಬೇಕಲ್ಲವೇ? ಇಲ್ಲ. ಇಲ್ಲಿಯೇ ಬಹಳ ಮಂದಿ ಎಡವುವುದು. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಕಾರು ಹಗುರವಾದರೆ ರಸ್ತೆಯನ್ನು ಒತ್ತುವ ಬಲವೂ ಕಡಿಮೆ, ಘರ್ಷಣೆಯೂ ಅಷ್ಟೇ ಕಡಿಮೆ. ಲೆಕ್ಕದಲ್ಲಿ ಎರಡೂ ಕಡೆ ದ್ರವ್ಯರಾಶಿ ಹೊಡೆದುಹೋಗುತ್ತದೆ. ಉಳಿಯುವುದು ವೇಗ ಮತ್ತು ರಸ್ತೆಯ ಹಿಡಿತ ಮಾತ್ರ.

ನಂಬಿಕೆ ಬಾರದಿದ್ದರೆ ಎರಡು ಬೆಂಕಿಪೊಟ್ಟಣ ತನ್ನಿ. ಒಂದು ಖಾಲಿ ಇರಲಿ, ಇನ್ನೊಂದಕ್ಕೆ ನಾಣ್ಯ ತುಂಬಿ. ಎರಡನ್ನೂ ಒಂದು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಎರಡೂ ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಜಾರತೊಡಗುತ್ತವೆ. ಭಾರದ್ದು ಹೆಚ್ಚು ಹೊತ್ತು ಹಿಡಿದುಕೊಳ್ಳುವುದಿಲ್ಲ, ಹಗುರದ್ದು ಮೊದಲೇ ಜಾರುವುದಿಲ್ಲ.

ಈಗ ವೇಗದ ಲೆಕ್ಕ. ಎದುರಿಗೆ ಅಡ್ಡಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತೆನ್ನಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಕಾರು 14 ಮೀಟರ್ ಹೋಗಿರುತ್ತದೆ. ಒಣ ರಸ್ತೆಯ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ಇನ್ನೊಂದು 14 ಮೀಟರ್. ಒಟ್ಟು 28 ಮೀಟರ್. ವೇಗ 100 ಆದರೆ? ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ಬ್ರೇಕಿನ ದೂರ, ಅಂದರೆ 56 ಮೀಟರ್. ಮೊದಲ ಸೆಕೆಂಡಿನ 28 ಸೇರಿಸಿದರೆ 84 ಮೀಟರ್. ನಾಲ್ಕು ಕ್ರಿಕೆಟ್ ಪಿಚ್‌ಗಳನ್ನು ಸಾಲಾಗಿ ಹಾಸಿದಷ್ಟು ದೂರ! ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ ಇದು ಸುಮಾರು 126 ಮೀಟರ್ ಆಗುತ್ತದೆ. ರಸ್ತೆಯ ಎಣ್ಣೆ, ಧೂಳು ಕಲೆತು ಜಾರುವ ಮೊದಲ ಮಳೆಯಲ್ಲಿ ಹಿಡಿತ ಇನ್ನೂ ಕೆಡಬಹುದು.

ಇನ್ನೂ ಬೆಚ್ಚಿಸುವ ಲೆಕ್ಕವೊಂದಿದೆ. ಒಂದು ಕಾರು 50ರಲ್ಲಿ, ಇನ್ನೊಂದು 70ರಲ್ಲಿ ಅಕ್ಕಪಕ್ಕ ಬರುತ್ತಿವೆ. 28 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಇಳಿಯಿತು. ಇಬ್ಬರೂ ಒಂದೇ ಕ್ಷಣದಲ್ಲಿ ಕಂಡರು, ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತಿದರು. ಮೊದಲ ಕಾರು ಮಗುವಿನ ಮುಂದೆ ಬಂದು ನಿಲ್ಲುತ್ತದೆ. ಎರಡನೆಯದು ಅದೇ ಜಾಗವನ್ನು ಮುಟ್ಟಿದಾಗ ಅದರ ವೇಗ 20 ಅಲ್ಲ, ಇನ್ನೂ 58 ಕಿ.ಮೀ.!

2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಸುಮಾರು 10 ಕಿ.ಮೀ. ಮೇಲ್ಸೇತುವೆ ರಸ್ತೆ ರಾತ್ರಿ ಖಾಲಿ ಸಿಕ್ಕಾಗ ಹುಡುಗರ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಮೇಲಿಂದ ಇಳಿದ ಮೇಲೂ ಕಣ್ಣಿಗೆ ಅದೇ ವೇಗದ ಅಭ್ಯಾಸ. 60 ಎಂಬುದು ತೆವಳಿದಂತೆ ತೋರುತ್ತದೆ. ಕೆಳಗೆ ಬೊಮ್ಮಸಂದ್ರ, ಜಿಗಣಿ ಕಡೆಗೆ ಹೋಗುವ ಲಾರಿಗಳಿರುತ್ತವೆ. ಲಾರಿಗೂ ಕಾರಿಗೂ ಡಿಕ್ಕಿಯಾದರೆ ಎರಡರ ಮೇಲೂ ಬೀಳುವ ಬಲ ಸಮಾನ. ಆದರೆ ಲಾರಿ ಅಲುಗಿದರೆ ಕಾರು ಎಗರುತ್ತದೆ. ಓಡುವಾಗ ನೆರವಾದ ಹಗುರತನವೇ ಇಲ್ಲಿ ಶತ್ರು.

ಹಾಗೆಂದು ಪುಟ್ಟ ಕಾರು ಕೆಟ್ಟದ್ದೇ? ಖಂಡಿತ ಅಲ್ಲ. ಅದನ್ನು ಚೆನ್ನಾಗಿ ಓಡಿಸುವುದು ಒಂದು ವಿದ್ಯೆ. ಟೈರಿನ ಗೀರು ಸವೆದಿಲ್ಲವೆಂದು ನೋಡಿಕೊಳ್ಳುವುದು, ಗಾಳಿಯ ಒತ್ತಡ ಸರಿ ಇಡುವುದು, ಸೀಟ್ ಬೆಲ್ಟ್ ಹಾಕುವುದು, ಮುಂದಿನ ವಾಹನದಿಂದ ಕನಿಷ್ಠ ಎರಡು ಸೆಕೆಂಡಿನ ದೂರ ಬಿಡುವುದು, ಮಳೆಯಲ್ಲಿ ಅದನ್ನು ಎರಡರಷ್ಟು ಮಾಡುವುದು ಈ ವಿದ್ಯೆಯ ಮೊದಲ ಪಾಠಗಳು.

ತಂದೆತಾಯಂದಿರಿಗೂ ಒಂದು ಮಾತು. ಹದಿನೆಂಟು ತುಂಬದವರು ಕಾರು ಓಡಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆದರೆ ಲೈಸೆನ್ಸ್ ಸಿಕ್ಕ ದಿನವೇ ಘರ್ಷಣೆಯ ನಿಯಮ ತಲೆಗೆ ಇಳಿಯುವುದಿಲ್ಲ. ಮಗನಾಗಲಿ ಮಗಳಾಗಲಿ, ಕೀಲಿಕೈ ಕೊಡುವ ಮುನ್ನ ಕಾಗದ, ಪೆನ್ಸಿಲ್ ಹಿಡಿದು ಮೇಲಿನ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ಕಾರು ಎಷ್ಟು ಬೇಗ ಓಡುತ್ತದೆ ಎಂದು ಮಾರುವವನೇ ಹೇಳುತ್ತಾನೆ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಮನೆಯಲ್ಲೇ ಕೇಳಬೇಕು.